ಕಾರಿನ ಬಾಗಿಲು ಮತ್ತು ಕುಂಬಾರ ಹುಳ

ಹಿರಿಯೂರಿನ ಹೆದ್ದಾರಿ ಪಕ್ಕದಲ್ಲಿ ತಿಪ್ಪೇಶ ಎಂಬ ಕಾರ್ ಎಲೆಕ್ಟ್ರಿಷಿಯನ್ ಇದ್ದ. ಕೈ ಬಲು ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಕಾರಿನ ಕಿಟಕಿ ಗಾಜು ಏರದೆ ನಿಂತರೆ ಬೇರೆಯವರು ಬಾಗಿಲಿನ ಒಳಹೊದಿಕೆ ಬಿಚ್ಚಿ, ಅದರ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನೆಲ್ಲ ಕಿತ್ತು, ಅರ್ಧ ದಿನ ಕೂರುತ್ತಿದ್ದರು. ತಿಪ್ಪೇಶ ಹಾಳೆಯಲ್ಲಿ ಅಂಗೈ ಹಿಡಿಸುವಷ್ಟು ಮಾತ್ರ ಕುಯ್ಯುತ್ತಿದ್ದ. ಕೈ ತೂರಿಸಿ, ಒಳಗೆ ಇಣುಕಿಯೂ ನೋಡದೆ ಹಳೇ ಮೋಟರ್ ಕಳಚಿ ಹೊಸದನ್ನು ಕೂರಿಸುತ್ತಿದ್ದ. ಮುಕ್ಕಾಲು ಗಂಟೆಯಲ್ಲಿ ಗಾಜು ಏರುತ್ತಿತ್ತು. "ನನ್ನ ಬೆರಳಿಗೇ ಕಣ್ಣೈತೆ" ಎಂದು ಬೀಗುತ್ತಿದ್ದ. ಇಂಥ ಮಾತಾಡುವವರಿಗೆ ಮುಂದೆ ಏನಾಗುತ್ತದೆಂದು ಕಥೆ ಕೇಳುವವರಿಗೆಲ್ಲ ಗೊತ್ತು. ಆಡುವವರಿಗೆ ಮಾತ್ರ ಗೊತ್ತಿರುವುದಿಲ್ಲ.

ಓಲಗದ ಮುನಿಯಪ್ಪನವರ ಹತ್ತಿರ ಹದಿನೆಂಟು ವರ್ಷದ ಹಳೇ ಕಾರಿತ್ತು. ನಾಗಸ್ವರ, ಡೋಲು ಹೊತ್ತುಕೊಂಡು ಮದುವೆ ಮನೆಗಳಿಗೆ ಓಡಾಡುವ ಗಾಡಿ. ಒಂದು ದಿನ ಅವರು ಕೂರುವ ಪಕ್ಕದ ಗಾಜು ಇಳಿದದ್ದು ಏರಲೇ ಇಲ್ಲ. ರಸ್ತೆಯ ಧೂಳೆಲ್ಲ ನೇರ ಅವರ ಎದೆಗೆ. ಉಸಿರು ಊದಿ ಬದುಕುವ ಮನುಷ್ಯನಿಗೆ ಅದೇನು ಸಣ್ಣ ತೊಂದರೆಯೇ? ತಿಪ್ಪೇಶ ಹೊಸ ಮೋಟರ್ ಹಾಕಿಕೊಟ್ಟ. ಒಂದೆರಡು ಮಳೆ ಬಿದ್ದವು, ಇಪ್ಪತ್ತು ದಿನಕ್ಕೆ ಅದೂ ನಿಂತಿತು. ಎರಡನೆಯದನ್ನು ಹಾಕುವಾಗ ಮುನಿಯಪ್ಪನವರು ಪಕ್ಕದಲ್ಲೇ ನಿಂತಿದ್ದರು.

"ಅಲ್ಲಪ್ಪಾ ತಿಪ್ಪೇಶಿ, ಬ್ರೇಕ್ ಹಾಕ್ದಾಗೆಲ್ಲ ಬಾಗ್ಲೊಳಗೆ ಏನೋ ಗುಳುಗುಳು ಅಂತೈತೆ."

"ಮುನಿಯಪ್ಪಣ್ಣಾ, ನಿಮ್ಗೆ ಬಾಗ್ಲಲ್ಲೂ ರಾಗ ಕೇಳಿಸ್ತೈತೆ! ನೀವು ಓಲಗ ಊದ್ಕೊಂಡಿರಿ, ಗಾಜಿನ ಚಿಂತೆ ನನಗೆ ಬಿಡಿ."

ಪಕ್ಕದ ಟೀ ಅಂಗಡಿಯವರೆಲ್ಲ ಗೊಳ್ಳೆಂದು ನಕ್ಕರು. ಆ ನಗು ತಿಪ್ಪೇಶನ ತಲೆಗೇರಿತು. "ಇನ್ನೊಂದ್ಸಲ ಈ ಗಾಜು ನಿಂತ್ರೆ ನನ್ನ ಬೋರ್ಡ್ ನಾನೇ ಇಳಿಸ್ತೀನಿ!" ಎಂದು ಎಲ್ಲರ ಮುಂದೆ ಕೂಗಿಬಿಟ್ಟ. ಹನ್ನೊಂದು ವರ್ಷ ಬೇರೆಯವರ ಗ್ಯಾರೇಜುಗಳಲ್ಲಿ ದುಡಿದ ಮೇಲೆ ಬರೆಸಿದ ಬೋರ್ಡು ಅದು. ಹಳದಿ ಅಕ್ಷರದಲ್ಲಿ ಅವನ ಹೆಸರಿತ್ತು.

ಮತ್ತೆ ಮಳೆ ಬಂತು. ಮತ್ತೆ ಗಾಜು ನಿಂತಿತು. ಕಾರು ತಂದು ನಿಲ್ಲಿಸಿದ ಮುನಿಯಪ್ಪನವರು ಬೈಯಲಿಲ್ಲ, ಬೋರ್ಡಿನ ಕಡೆ ತಲೆ ಎತ್ತಲೂ ಇಲ್ಲ. ಸುಮ್ಮನೆ ಒಂದು ಸಲ ಕೆಮ್ಮಿದರು. ತಿಪ್ಪೇಶನಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಕೀಲಿ ಇಸಿದುಕೊಂಡು, ಕಾರನ್ನು ಸೀದಾ ತನಗೆ ಕೆಲಸ ಕಲಿಸಿದ ಗಫಾರ್ ಸಾಬರ ಮನೆಯಂಗಳಕ್ಕೆ ಓಡಿಸಿದ.

ಗಫಾರ್ ಸಾಬರಿಗೆ ವಯಸ್ಸಾಗಿತ್ತು. ಕೆಲಸ ಬಿಟ್ಟು ಎಷ್ಟೋ ವರ್ಷವಾಗಿತ್ತು. ತಿಪ್ಪೇಶ ಸ್ಪ್ಯಾನರ್ ಚೀಲ ಬಿಚ್ಚಲು ಹೋದ. ಸಾಬರು ಬೇಡವೆಂದು ಕೈಯಾಡಿಸಿ, ಒಂದು ಚೊಂಬು ನೀರು ತರಿಸಿದರು. ಗಾಜು ಇಳಿಯುವ ಸಂದಿಗೆ ನಿಧಾನವಾಗಿ ಸುರಿದರು.

"ಬಗ್ಗಿ ನೋಡಯ್ಯಾ. ನೀರು ಕೆಳಗೆ ಎಲ್ಲಿ ಬೀಳ್ತೈತೆ ಹೇಳು."

ತಿಪ್ಪೇಶ ನೆಲಕ್ಕೆ ಕೆನ್ನೆ ಹಚ್ಚಿ ನೋಡಿದ. ಒಂದು ಹನಿಯೂ ಬೀಳಲಿಲ್ಲ. ಇನ್ನೊಂದು ಚೊಂಬು ಸುರಿದರು. ಮತ್ತೊಂದು. ಮೂರನ್ನೂ ಬಾಗಿಲು ಗುಟುಕರಿಸಿ ಸುಮ್ಮನಾಯಿತು.

"ಉಸ್ತಾದ್ರೇ, ನೀರು ಎಲ್ಲೋಯ್ತು?"

"ಎರಡು ಮೋಟರ್ ಮುಳುಗಿಸಿದೋನು ನನ್ನ ಕೇಳ್ತೀಯಾ? ಮಳೆನೀರು ಎಲ್ಲಾ ಕಾರಿನ ಬಾಗಿಲಿಗೂ ಇಳೀತೈತೆ. ಆಚೆ ಹೋಗ್ಲಿ ಅಂತ್ಲೇ ತಳದಲ್ಲಿ ತೂತು ಇಟ್ಟಿರ್ತಾರೆ. ತಡವಿ ನೋಡು."

ತಳದಲ್ಲಿ ಎರಡು ತೂತುಗಳಿದ್ದವು. ಎರಡೂ ಮಣ್ಣು ಮೆತ್ತಿ ಮುಚ್ಚಿಹೋಗಿದ್ದವು. ತಿಪ್ಪೇಶ ಪೊರಕೆ ಕಡ್ಡಿ ಹಾಕಿ ಮೀಟಿದ, ಆಗಲಿಲ್ಲ. ಸ್ಕ್ರೂಡ್ರೈವರಿನಿಂದ ಮೀಟಿದ. ಒಂದು ಮಣ್ಣಿನ ಹೆಂಟೆ ಕಳಚಿ ಬಿತ್ತು. ಅದರ ಹಿಂದೆಯೇ ಕೆಂಪು ನೀರು ಭೋರೆಂದು ಅವನ ಮುಖ, ಕತ್ತು, ಅಂಗಿಯ ಮೇಲೆಲ್ಲ ಸುರಿದು, ಅಂಗಳ ದಾಟಿ ನುಗ್ಗೆಮರದ ಬುಡಕ್ಕೆ ಹರಿಯಿತು. ಅರ್ಧ ಬಕೆಟ್ಟಿಗೆ ಕಡಿಮೆಯಿಲ್ಲ.

ಸಾಬರು ಆ ಹೆಂಟೆಯನ್ನು ಎತ್ತಿ ಅವನ ಅಂಗೈಯಲ್ಲಿಟ್ಟರು. "ಕುಂಬಾರ ಹುಳದ ಮನೆ" ಅಂದರು.

ತಿಪ್ಪೇಶ ನೋಡಿದ. ನೋಡುತ್ತಲೇ ಇದ್ದ. ಕಡಲೆಕಾಯಿ ಗಾತ್ರದ ಐದು ಮಣ್ಣಿನ ಗೂಡುಗಳು, ಒಂದಕ್ಕೊಂದು ಅಂಟಿಕೊಂಡು ಸಾಲಾಗಿದ್ದವು. ಒಡೆದಿದ್ದ ಒಂದರಲ್ಲಿ ಅಕ್ಕಿಕಾಳಿನಷ್ಟು ಬಿಳಿಯ ಮರಿ. ಅದರ ಸುತ್ತ ತಾಯಿ ಹುಳ ತಂದು ಒಟ್ಟಿದ್ದ ಹಸಿರು ಕಂಬಳಿಹುಳಗಳು, ಮರಿಗೆ ಬುತ್ತಿ. ಅಷ್ಟು ಚಿಕ್ಕ ಜೀವ, ಬಾಯಲ್ಲಿ ಸಾಸಿವೆಯಷ್ಟು ಕೆಸರು ಕಚ್ಚಿಕೊಂಡು ಎಷ್ಟು ನೂರು ಸಲ ಹಾರಿ ಬಂದಿರಬೇಕು! ಮದುವೆಯಿಲ್ಲದ ತಿಂಗಳಲ್ಲಿ ಶೆಡ್ಡಿನಲ್ಲಿ ನಿಂತಿದ್ದ ಇಡೀ ಕಾರಿನಲ್ಲಿ ಮಳೆ ತಾಗದ, ಗಾಳಿ ತಾಗದ ಜಾಗ ಯಾವುದೆಂದು ಅದು ಹುಡುಕಿತ್ತು. ಇಷ್ಟು ವರ್ಷ ಕಾರುಗಳ ಹೊಟ್ಟೆಯೊಳಗೆ ಕೈಯಾಡಿಸಿದ ತಿಪ್ಪೇಶನಿಗೆ ಆ ತೂತು ಇರುವುದು ನೆನಪೂ ಆಗಿರಲಿಲ್ಲ.

"ಇಷ್ಟು ಸಣ್ಣ ಹುಳ..." ಅಂದ. ಒಡೆಯದ ನಾಲ್ಕು ಗೂಡುಗಳನ್ನು ಜೋಪಾನವಾಗಿ ಸಾಬರ ಹಂಚಿನ ಸೂರಿನಡಿ ಇಟ್ಟು ಬಂದ.

ಅವತ್ತು ಅವನು ಬಾಗಿಲಿನ ಒಳಹೊದಿಕೆಯನ್ನು ಪೂರ್ತಿ ಬಿಚ್ಚಿದ. ಹಾಳೆಯನ್ನೂ ತೆಗೆದ. ತುಕ್ಕು ಉಜ್ಜಿ, ಒಳಗೆಲ್ಲ ಒಣಗಿಸಿ, ಮೂರನೆಯ ಮೋಟರ್ ಕೂರಿಸಿದ. ಗುಂಡಿ ಒತ್ತಿದಾಗ ಗಾಜು ಸುಯ್ಯೆಂದು ಏರಿತು.

ಮರಳಿ ಬಂದು ಮುನಿಯಪ್ಪನವರ ಕೈಗೆ ಕೀಲಿ ಕೊಟ್ಟವನೇ ಗೋಡೆಗೆ ಏಣಿ ಹಾಕಿದ. ಟೀ ಅಂಗಡಿಯವರು ಲೋಟ ಹಿಡಿದುಕೊಂಡೇ ಎದ್ದು ನಿಂತರು.

"ಬ್ಯಾಡ ಕಣಪ್ಪಾ, ಇಳಿಯೋ! ಗಾಜು ಏರ್ತಲ್ಲ, ಸಾಕು" ಎಂದು ಮುನಿಯಪ್ಪನವರು ಏಣಿ ಹಿಡಿದುಕೊಂಡರು.

"ಇಲ್ಲ ಮುನಿಯಪ್ಪಣ್ಣಾ. ನೀವು ಅವತ್ತೇ ಹೇಳಿದ್ರಿ. ನಾನು ನಕ್ಕೆ."

ಬೋರ್ಡು ಇಳಿಯಿತು. ಯಾರೂ ನಗಲಿಲ್ಲ.

ಅಂಗಡಿಗೆ ಜನ ಬರುವುದೇನೂ ನಿಲ್ಲಲಿಲ್ಲ. ಈಗ ಯಾವ ಕಾರು ಬಂದರೂ ತಿಪ್ಪೇಶ ಮೊದಲು ಓಡಿಸುವವರನ್ನೇ ಕೇಳುತ್ತಾನೆ, "ಏನಾದ್ರೂ ಸದ್ದು ಬರ್ತಿತ್ತಾ?" ಆಮೇಲೆ ಗಾಜಿನ ಸಂದಿಗೆ ಒಂದು ಚೊಂಬು ನೀರು ಸುರಿದು, ನೆಲಕ್ಕೆ ಕೆನ್ನೆ ಹಚ್ಚಿ ಕಾಯುತ್ತಾನೆ. ಗೋಡೆಯ ಮೇಲಿನ ಎರಡು ಖಾಲಿ ಮೊಳೆ ನೋಡಿ ಹೊಸಬರು ಯಾರಾದರೂ "ಬೋರ್ಡ್ ಎಲ್ಲಪ್ಪಾ?" ಎಂದರೆ, ಕೈ ಒರೆಸಿಕೊಳ್ಳುತ್ತಾ ಹೇಳುತ್ತಾನೆ:

"ಒಂದು ಹುಳ ಇಳಿಸ್ತು ಸಾರ್."

ನೀತಿ: ಕೆಟ್ಟದ್ದನ್ನು ಬದಲಿಸಿದ ಮಾತ್ರಕ್ಕೆ ರಿಪೇರಿ ಮುಗಿಯುವುದಿಲ್ಲ, ಅದು ಯಾಕೆ ಕೆಟ್ಟಿತೆಂದು ತಿಳಿಯಬೇಕು. ಕೈಚಳಕ ಎಷ್ಟೇ ಇದ್ದರೂ, ಎದುರಿಗೆ ನಿಂತವರ ಮಾತಿಗೆ ನಗುವ ಮೊದಲು ಒಮ್ಮೆ ಬಗ್ಗಿ ನೋಡಿ.