ಕಾಗೆ ಓಡಿಸಿದ ಪದ್ಯ

ಶಿಷ್ಯನೊಬ್ಬ ಗುರುಗಳ ಮುಂದೆ ಕುಳಿತು ಕೇಳಿದ. "ಗುರುಗಳೇ, ನನಗೆ ಬರೆಯುವ ಆಸೆ. ಆದರೆ ಲೇಖನಿ ಹಿಡಿದ ಕೂಡಲೇ ಮನೆಯವರು ಯಾರಾದರೊಬ್ಬರು ಏನಾದರೊಂದು ಹೇಳಲು ಬರುತ್ತಾರೆ. ಎಲ್ಲಾದರೂ ದೂರ ಹೋಗಿ ಬರೆಯಲೇ?"

ಗುರುಗಳು ಹೋಗು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಕಡಲ ದಂಡೆಯ ಊರೊಂದರಲ್ಲಿ ಒಬ್ಬ ಕವಿ ಇದ್ದ. ಯಕ್ಷಗಾನಕ್ಕೆ ಪ್ರಸಂಗ, ಅಂದರೆ ಆಡುವ ಕತೆಯನ್ನು ಪದ್ಯಗಳಲ್ಲಿ ಬರೆಯುವವನು. ತಾನು ಬರೆದದ್ದನ್ನು ಮೇಳದವರು ಒಮ್ಮೆಯಾದರೂ ಆಡಬೇಕು ಎಂಬುದೊಂದೇ ಅವನ ಆಸೆ. ಮನೆಯ ಗದ್ದಲ ಬೇಡವೆಂದು ಅಟ್ಟ ಹತ್ತಿ ಬಾಗಿಲು ಹಾಕಿಕೊಂಡು ಬರೆದ. ಊಟಕ್ಕೆ ಕರೆದರೂ ಕಿಡಿಕಿಡಿಯಾಗುತ್ತಿದ್ದ. ಮೇಲೆ ಏನೋ ದೊಡ್ಡ ಕಾವ್ಯ ಹುಟ್ಟುತ್ತಿದೆ ಎಂದು ಮನೆಯವರು, ಪಾಪ, ಪಿಸುಮಾತಿನಲ್ಲೇ ದಿನ ದೂಡಿದರು.

ಬರೆದು ಮುಗಿಸಿ, ಮೇಳದಲ್ಲಿ ಪದ್ಯ ಹಾಡುವ ಭಾಗವತರ ಬಳಿಗೆ ಒಯ್ದ. ಅವರು ನಾಲ್ಕಾರು ಪದ್ಯ ಹಾಡಿ ನೋಡಿ ಕೆಳಗಿಟ್ಟರು.

"ಇದರಲ್ಲಿ ತಾಯಿಯೂ ನೀವೇ, ಮಗನೂ ನೀವೇ, ವೈರಿಯೂ ನೀವೇ. ಇನ್ನು ವೇಷದವರು ಮಾತಾಡುದು ಎಂತ? ಮಳೆಗೆ ಮೊದಲು ತಿದ್ದಿ ತನ್ನಿ. ಇಲ್ಲದಿದ್ರೆ ಬೇರೆಯವರದ್ದು ತಗೊಳ್ತೇವೆ."

ಕವಿಯ ಮುಖ ಸಪ್ಪಗಾಯಿತು. ಮನೆಗೆ ಬಂದರೆ ಅಲ್ಲಿ ಹಲಸಿನ ಹಪ್ಪಳದ ಗಡಿಬಿಡಿ. ಮಳೆ ಹಿಡಿಯುವ ಮೊದಲು ಒಣಗಿಸಿ ಡಬ್ಬ ತುಂಬಿಸಬೇಕು. ತಾಯಿ, ಹೆಂಡತಿ ಇಬ್ಬರೂ ಜಗಲಿಯಲ್ಲಿ ಕೂತು ಒತ್ತುತ್ತಿದ್ದರು. ಅಂಗಳದ ಚಾಪೆಯ ಮೇಲೆ ಹಪ್ಪಳ, ತೆಂಗಿನಮರದ ಮೇಲೆ ಕಾಗೆ. ಮಗ ಅಟ್ಟದ ಕಡೆ ಹೊರಟದ್ದು ತಾಯಿಯ ಕಣ್ಣಿಗೆ ಬಿತ್ತು.

"ನೀನು ಹೇಗೂ ಕೂತೇ ಇರುದಲ್ವಾ ಮಗಾ? ಆ ಕೂರುದನ್ನು ಅಂಗಳದಲ್ಲಿ ಕೂರು. ಕಾಗೆಯಾದ್ರೂ ಹೋಗ್ತದೆ."

ಕವಿ ಕೋಲು ಹಿಡಿದು ಕುಳಿತ. ಒಂದು ಪ್ರಾಸ ಹುಡುಕುವಷ್ಟರಲ್ಲಿ ಕಾಗೆಗಳು ಒಂದು ಸಾಲು ಹಪ್ಪಳ ಮುಗಿಸಿದವು. ಹೆದರಲಿ ಎಂದು ಕರಿ ಕೊಡೆ ಬಿಡಿಸಿ ನಿಲ್ಲಿಸಿದ. ಅವು ಅದರ ನೆರಳಿನಲ್ಲೇ ಕೂತು ತಿಂದವು. ಬರೆದದ್ದನ್ನು ಗಟ್ಟಿಯಾಗಿ ಹಾಡಿದರೆ ಸದ್ದಿಗಾದರೂ ಬರಲಿಕ್ಕಿಲ್ಲ ಎಂದಳು ಹೆಂಡತಿ. ಬೇರೆ ದಾರಿ ಕಾಣದೆ ಹಾಡಿದ. ಕಾಗೆಗಳು ಎದ್ದು ಹೋದವು. ಅವನ ಕಾವ್ಯದಿಂದ ಮನೆಗಾದ ಮೊದಲ ಉಪಕಾರ ಅದು.

ಹಾಡುತ್ತಾ ಹಾಡುತ್ತಾ, ಯುದ್ಧಕ್ಕೆ ಹೊರಟ ಮಗನನ್ನು ತಾಯಿ ಹರಸುವ ಪದ್ಯ ಬಂತು. ಕುಲದ ಕೀರ್ತಿ, ವೀರಸ್ವರ್ಗ ಎಲ್ಲ ಅದರಲ್ಲಿತ್ತು. ಜಗಲಿಯಲ್ಲಿ ತಾಯಿ ಕಿಸಕ್ಕನೆ ನಕ್ಕಳು.

"ಇಷ್ಟೆಲ್ಲ ಯಾವ ತಾಯಿ ಹೇಳ್ತಾಳೆ? ಬರುವಾಗ ಕತ್ತಲೆ ಆಗ್ತದಾ ಅಂತ ಕೇಳ್ತಾಳೆ, ಅಷ್ಟೇ."

"ಅವನು ಹೌದು ಅಂತಲೂ ಹೇಳುದಿಲ್ಲ, ಇಲ್ಲ ಅಂತಲೂ ಹೇಳುದಿಲ್ಲ ಅತ್ತೆ," ಎಂದಳು ಹೆಂಡತಿ. "ನೀವು ಬಾಗಿಲು ಹಾಕಿ ಮಲಗಿ ಅಂತಾನೆ."

ಕವಿಗೆ ಮೊದಲು ಸಿಟ್ಟು ಬಂತು. ಮರುಗಳಿಗೆ ನೆನಪಾಯಿತು. ಅವನು ಯಕ್ಷಗಾನದ ಆಟ ನೋಡಲು ಹೊರಟಾಗಲೆಲ್ಲ ತಾಯಿ ಕೇಳುತ್ತಿದ್ದುದೂ ಅದನ್ನೇ, ಅವನು ಹೇಳುತ್ತಿದ್ದುದೂ ಅದನ್ನೇ. ಹಳೆಯ ಪದ್ಯವನ್ನು ಹೊಡೆದುಹಾಕಿ ಅಷ್ಟನ್ನೇ ಬರೆದ. ಬರೆದು ಮೆಲ್ಲನೆ ಹಾಡಿದ. ಈ ಸಲ ಜಗಲಿಯಲ್ಲಿ ಯಾರೂ ನಗಲಿಲ್ಲ. ಹಿಟ್ಟಿನ ಉಂಡೆ ತಾಯಿಯ ಕೈಯಲ್ಲೇ ಉಳಿಯಿತು. ಕಾಗೆಗಳು ಇನ್ನೊಂದು ಸಾಲು ತಿಂದವು, ಓಡಿಸುವ ನೆನಪು ಯಾರಿಗೂ ಆಗಲಿಲ್ಲ.

ಆಮೇಲೆ ಅವನು ಅಟ್ಟ ಹತ್ತಲಿಲ್ಲ. ಜಗಲಿಯಲ್ಲಿ ಹಾಡಿ, ಬೈಸಿಕೊಂಡು, ನಗಿಸಿಕೊಂಡು ಪ್ರಸಂಗವನ್ನೆಲ್ಲ ತಿದ್ದಿದ. ಭಾಗವತರು ತಾಯಿಯ ಪದ್ಯವನ್ನು ಒಮ್ಮೆ ಹಾಡಿದರು, ತಡೆಯಲಾರದೆ ಮತ್ತೊಮ್ಮೆ ಹಾಡಿದರು. "ಇದನ್ನು ಆಡುವ," ಎಂದರು. ಆ ಸಂಜೆ ಕವಿಯ ಮನೆಯಲ್ಲಿ ಮಳೆಗಾಲಕ್ಕೆಂದು ಇಟ್ಟಿದ್ದ ಡಬ್ಬ ತೆರೆದು, ಹಪ್ಪಳ ಕರಿದು, ಅಕ್ಕಪಕ್ಕದವರನ್ನೂ ಕರೆದು ತಿಂದರು. ಅಷ್ಟು ಸಂತೋಷ ಆ ಮನೆ ಹಿಂದೆ ಕಂಡಿರಲಿಲ್ಲ.

ಕತೆ ಕೇಳಿ ಶಿಷ್ಯನ ಮುಖ ಅರಳಿತು. "ಹಾಗಾದರೆ ನಾನೂ ಮನೆಯಲ್ಲೇ ಕೂತು ಬರೆಯುತ್ತೇನೆ," ಎಂದು ಉತ್ಸಾಹದಿಂದ ಎದ್ದ.

ಗುರುಗಳು ಕೇಳಿದರು. "ಸರಿ, ಇವತ್ತು ನೀನು ಬರೆಯುತ್ತಿರುವಾಗ ನಿನ್ನ ಮನೆಯವರು ಏನು ಹೇಳಲು ಬಂದಿದ್ದರು? ಕೇಳಿಸಿಕೊಂಡೆಯಾ?"