ಕೋಳಿ ತಿನ್ನಲಿಲ್ಲ, ಧಣಿ ತಿಂದ

ಏಳು ಗುಡ್ಡದ ಮೇಲೆ ರೋಮಾಪುರಿ ಅಂತ ಒಂದು ಪಟ್ಟಣ. ಆ ಪಟ್ಟಣದಲ್ಲಿ ದೊಡ್ಡವರು ಬೀಳೋದು ಅಂದರೆ ಗಾಳಿಗೆ ನುಗ್ಗೆಕೊಂಬೆ ಮುರಿದ ಹಾಗೆ, ವರ್ಷಕ್ಕೊಂದು ಖಾಯಂ. ಒಬ್ಬನಿಗೆ ಜೊತೆಯಲ್ಲಿ ಉಂಡವರೇ ಚೂರಿ ಹಾಕಿದರು. ಒಬ್ಬನಿಗೆ ಕಟ್ಟಿಕೊಂಡವಳೇ ಅಣಬೆ ಸಾರಿನಲ್ಲಿ ವಿಷ ಇಕ್ಕಿದಳು. ಇನ್ನೊಬ್ಬನ ಕತ್ತನ್ನು ಅವನ ಕಾವಲಿನವರೇ ಕತ್ತರಿಸಿದರು. ಇದನ್ನೆಲ್ಲ ನಾಟಕದವರು ಬಣ್ಣ ಹಚ್ಚಿಕೊಂಡು ಆಡ್ತಾರೆ, ನೋಡೋಕೆ ಬಂದವರು ಮೂಗು ಒರೆಸಿಕೊಳ್ತಾರೆ. ಆದರೆ ಪೊಂಪೋನಿಯಸ್ ಬಿದ್ದ ಕತೆಯನ್ನು ಯಾವ ಕಂಪನಿಯವರೂ ಆಡೋದಿಲ್ಲ. ಯಾಕೆ ಅಂದರೆ ಅದಕ್ಕೆ ಕೋಳಿಗಳು ಪಾರ್ಟು ಮಾಡಬೇಕು. ಕೋಳಿಗೆ ಪಾರ್ಟು ಕಲಿಸೋ ಮೇಷ್ಟ್ರು ಇನ್ನೂ ಹುಟ್ಟಿಲ್ಲ.

ಪೊಂಪೋನಿಯಸ್ ಅಂತ ಹೇಳಿ ಮುಗಿಸೋದರೊಳಗೆ ಒಲೆ ಮೇಲಿನ ಸಾರು ಉಕ್ಕುತ್ತೆ. ಧಣಿ ಅನ್ನೋಣ, ಸಾಕು. ಧಣಿಯ ತಲೆ ಬೋಳು, ಆಸೆ ಮಾತ್ರ ಬೆಟ್ಟದಷ್ಟು. ಬೋಳು ಕಾಣಬಾರದು ಅಂತ ಹಗಲೂ ರಾತ್ರಿ ಎಲೆಯ ಕಿರೀಟ ಇಟ್ಟುಕೊಂಡಿರುತ್ತಿದ್ದ. ಅವನ ಮೂರನೇ ಹೆಂಡತಿಯೇ ಹೇಳಿದ್ದು, "ದಿನಾ ಬೆಳಗ್ಗೆ ದಿಂಬಿನ ಮೇಲೆ ತರಗೆಲೆ ಗುಡಿಸಬೇಕು ಕಣ್ರೇ" ಅಂತ. ಯಾರ ಮನೆಯಲ್ಲಿ ಕೂತು ಹೇಳಿದಳು ಅಂತ ಕೇಳಬೇಡಿ. ರಥ ಓಡಿಸೋ ಹುಡುಗನ ಮನೆ ಅಂತಾರೆ. ನಮಗ್ಯಾಕೆ?

ಇನ್ನು ಕೋಳಿ ವಿಷಯ. ತನ್ನ ಕೋಳಿ ಕೂಗಿದರೇ ಬೆಳಗಾಗೋದು ಅಂತ ಒಬ್ಬ ಮುದುಕಿ ಅಂದುಕೊಂಡಿದ್ದಳಲ್ಲ, ರೋಮಾಪುರಿಯವರು ಅವಳಿಗಿಂತ ಒಂದು ಕೈ ಮೇಲು. ಅಲ್ಲಿ ಯಾರಿಗೆ ಅಧಿಕಾರ ಕೊಡಬೇಕಾದರೂ, ಯಾರ ಮೇಲೆ ದಂಡೆತ್ತಿ ಹೋಗಬೇಕಾದರೂ ದೇವರ ಕೋಳಿಗಳನ್ನು ಕೇಳಬೇಕು. ಊರ ಚೌಕದಲ್ಲಿ ಪಂಜರ ಇಟ್ಟು, ಬಾಗಿಲು ತೆಗೆದು, ಕಾಳು ಚೆಲ್ಲೋದು. ಕೋಳಿ ಬಂದು ಗಬಗಬ ತಿಂದರೆ ದೇವರು ಹೂಂ ಅಂದ ಹಾಗೆ. ತಿನ್ನದಿದ್ದರೆ ಉಹೂಂ. ಹಿರೀಕರ ಸಭೆಯಲ್ಲಿ ನೂರಾರು ಮಂದಿ ಬಿಳಿ ಬಟ್ಟೆ ಹೊದ್ದು ಗಂಟಲು ಹರಿದುಕೊಂಡರೂ ಕೊನೇ ಮಾತು ಕೋಳಿಯದೇ.

ಆ ಕೋಳಿಗಳನ್ನು ಸಾಕುತ್ತಿದ್ದವಳು ನೋನಿಯ. ಅವಳಿಗೊಬ್ಬ ಗಂಡ, ಲೂಕ ಅಂತ ಒಬ್ಬನೇ ಮಗ.

ಮೊದಲನೇ ಸಲ ಧಣಿ ಅವಳ ಗುಡಿಸಲಿಗೆ ಬಂದಾಗ ಅವನಿಗೆ ಊರಿನ ಯಜಮಾನಿಕೆ ಬೇಕಾಗಿತ್ತು.

"ನೋನಿಯವ್ವ, ಕೋಳಿ ತಿನ್ನಬೇಕು."

"ತಿನ್ನೋದು ಬಿಡೋದು ದೇವರ ಚಿತ್ತ, ಬುದ್ಧಿ."

"ದೇವರು ದೂರ ಇದ್ದಾನೆ. ನಾನು ಹತ್ತಿರ ಇದ್ದೀನಿ."

ನೋನಿಯಳಿಗೆ ಅರ್ಥವಾಯಿತು. ಕೋಳಿಗಳನ್ನು ಉಪವಾಸ ಕೆಡವಿದಳು. ಚೌಕದಲ್ಲಿ ಬಾಗಿಲು ತೆಗೆದದ್ದೇ ತಡ, ಅವು ಕಾಳು ತಿಂದು, ಕಾಳಿನ ಕೆಳಗಿನ ಮಣ್ಣು ಕೆದಕಿ, ಪೂಜಾರಿಯ ಕಾಲ್ಬೆರಳನ್ನೂ ಕುಕ್ಕಿದವು. ಧಣಿ ಯಜಮಾನನಾದ.

ಎರಡನೇ ಸಲ ಬಂದಾಗ ಪಕ್ಕದ ರಾಜ್ಯದ ಮೇಲೆ ಕಣ್ಣು.

"ನೋನಿಯವ್ವ, ಕೋಳಿ ತಿನ್ನಬೇಕು."

"ದೇವರ ಚಿತ್ತ, ಬುದ್ಧಿ."

"ದೇವರು ದೂರ ಇದ್ದಾನೆ."

ಮತ್ತೆ ಉಪವಾಸ. ಮತ್ತೆ ಕೋಳಿಗಳು ತಿಂದವು. ದಂಡು ಹೋಯಿತು, ಗೆದ್ದು ಬಂತು. ಧಣಿ ನಾಲ್ಕು ಬಿಳಿ ಕುದುರೆಯ ರಥದಲ್ಲಿ ಬಂದ. ದಂಡಿನ ಜೊತೆ ಹೋಗಿದ್ದ ನೋನಿಯಳ ಗಂಡ ಬರಲಿಲ್ಲ. ಅವನ ತಲೆಗೆ ಹಾಕುವ ಕಬ್ಬಿಣದ ಟೊಪ್ಪಿಗೆ ಒಂದು ಬಂತು. ಅದನ್ನು ಮಗುಚಿ ಕೋಳಿಗಳಿಗೆ ನೀರಿಡೋಕೆ ಇಟ್ಟುಕೊಂಡಳು. ಇನ್ನೇನು ಮಾಡ್ತಾಳೆ ಪಾಪ.

ಮೂರನೇ ಸಲ ಧಣಿಗೆ ಪಟ್ಟವೇ ಬೇಕಾಯಿತು. ಉಸಿರಿರೋ ತನಕ ತಾನೇ ರಾಜ, ಕೇಳೋರಿಲ್ಲ ಹೇಳೋರಿಲ್ಲ. ಪಟ್ಟ ಕಟ್ಟಿದ ಮಾರನೇ ದಿನವೇ ಸಮುದ್ರ ದಾಟಿ ಇನ್ನೊಂದು ಯುದ್ಧ. ಹಡಗುಗಳು ಸಿದ್ಧವಾಗಿದ್ದವು. ಹುಟ್ಟು ಹಾಕೋಕೆ ಗಟ್ಟಿ ತೋಳಿನ ಹುಡುಗರನ್ನು ಆರಿಸಿದ್ದೂ ಆಗಿತ್ತು. ಅದರಲ್ಲಿ ಲೂಕನೂ ಒಬ್ಬ. ಕೋಳಿ ತಿಂದರೆ ಮಗ ಹೋದ ಅಂತಲೇ ಲೆಕ್ಕ.

ಈ ಸಲ ಧಣಿ ನೋನಿಯಳನ್ನು ನಂಬಲಿಲ್ಲ. "ಗಂಡನ್ನ ಕಳಕೊಂಡವಳು, ಗುಟ್ಟಾಗಿ ಮೇವು ಹಾಕಿಬಿಟ್ಟಾಳು" ಅಂತ ಪಂಜರವನ್ನೇ ತನ್ನ ಮನೆಗೆ ಹೊರಿಸಿಕೊಂಡು ಹೋದ. ಬಾಗಿಲಿಗೆ ಕಾವಲು. ಒಂದು ಕಾಳೂ ಒಳಗೆ ಹೋಗಕೂಡದು.

ಖಾಲಿ ಅಂಗಳದಲ್ಲಿ ನೋನಿಯ ಕೂತಳು. ಲೂಕ ಬಂದು ಪಕ್ಕದಲ್ಲಿ ಕುಕ್ಕರಿಸಿದ.

"ಅಳಬೇಡ ಕಣವ್ವಾ. ಹೋಗಿ ಬರ್ತೀನಿ."

"ನಿಮ್ಮಪ್ಪನೂ ಹೀಗೇ ಹೇಳಿ ಹೋದದ್ದು. ಅಳ್ತಾ ಇಲ್ಲ ಸುಮ್ಮನಿರು. ಯೋಚನೆ ಮಾಡ್ತಾ ಇದ್ದೀನಿ."

ಯೋಚನೆ ಮುಗಿಸಿ, ಮುಖ ತೊಳೆದು, ನೆಟ್ಟಗೆ ಧಣಿಯ ಮನೆಗೆ ಹೋದಳು.

"ಬುದ್ಧಿ, ಏನೂ ತಿಳಿಯದ ಹೆಂಗಸು, ಒಂದು ಮಾತು."

"ಏನು, ಕೋಳಿ ವಾಪಸ್ ಕೊಡು ಅಂತಲಾ?"

"ಅಯ್ಯೋ, ನೀವೇ ಇಟ್ಕೊಳ್ಳಿ. ನಿಮ್ಮಂಥವರ ಮನೆಯಲ್ಲಿ ಉಪವಾಸ ಬೀಳೋಕೂ ಪುಣ್ಯ ಬೇಕು. ಅದಲ್ಲ ಬುದ್ಧಿ, ಪಟ್ಟ ಕಟ್ಟೋ ದಿನ ಹೀಗೇ ಬೋಳಾಗಿ ನಿಲ್ತೀರಾ?"

ಧಣಿಯ ಕೈ ಥಟ್ಟನೆ ಎಲೆ ಕಿರೀಟಕ್ಕೆ ಹೋಯಿತು. "ಬೋಳಾಗಿ ಅಂದರೆ?"

"ಮೆರುಗು ಇಲ್ಲದೆ ಅಂದೆ. ದಂಡಿನ ಮುಂದೆ ಉದ್ದ ಕೋಲಿನ ಮೇಲೆ ಚಿನ್ನದ ಹದ್ದು ಹೋಗುತ್ತಲ್ಲ, ಕಂಡರೆ ಶತ್ರುಗಳು ಉಚ್ಚೆ ಹೊಯ್ಕೊಳ್ತಾರಂತೆ. ಅದು ನಿಮ್ಮ ತಲೆ ಮೇಲೆ ರೆಕ್ಕೆ ಬಿಚ್ಚಿ ನಿಂತರೆ... ಬೇಡ ಬಿಡಿ, ನಾನು ಹೇಳಬಾರದು."

"ಹೇಳು, ಹೇಳು!"

"ದೇವರು ಯಾರು, ಧಣಿ ಯಾರು ಅಂತ ಜನಕ್ಕೆ ಗುರುತೇ ಸಿಕ್ಕೋದಿಲ್ಲ."

ಧಣಿಯ ಎದೆ ಕಡುಬಿನ ಹಾಗೆ ಉಬ್ಬಿತು. ಅಕ್ಕಸಾಲಿಗರನ್ನು ಕರೆಸಿದ. "ಇರೋ ಹದ್ದು ಗುಬ್ಬಚ್ಚಿ ಇದ್ದ ಹಾಗಿದೆ. ದೊಡ್ಡದು ಮಾಡ್ರೋ! ರೆಕ್ಕೆ ಅಗಲ ಇರಲಿ! ಉಗುರು ಚೂಪಾಗಿರಲಿ!"

ಪಟ್ಟದ ದಿನ ಚೌಕದಲ್ಲಿ ಕಾಲಿಡೋಕೆ ಜಾಗವಿಲ್ಲ. ಮೀನು ಮಾರೋರು, ಮಡಿಕೆ ಮಾಡೋರು, ಹಿರೀಕರು, ಎಲ್ಲರೂ ಬಂದಿದ್ದರು. ನೆತ್ತಿಯ ಮೇಲೆ ಬಿಸಿಲು. ಪಂಜರದ ಪಕ್ಕ ಧಣಿ, ಧಣಿಯ ಹಿಂದೆ ಹದ್ದು ಹಿಡಿದ ಸಿಪಾಯಿ.

ಪೂಜಾರಿ ಕಾಳು ಚೆಲ್ಲಿ ಬಾಗಿಲು ತೆಗೆದ. ಹಸಿದ ಕೋಳಿಗಳು ಬಾಗಿಲ ತನಕ ನುಗ್ಗಿ ಬಂದವು. ಜನರ ನಡುವೆ ನೋನಿಯ ತುದಿಗಾಲ ಮೇಲೆ ನಿಂತಳು. ಒಂದು ಹೇಂಟೆ ಕತ್ತು ಹೊರಗೆ ಹಾಕಿಯೇ ಬಿಟ್ಟಿತು. ಅಷ್ಟರಲ್ಲಿ ಧಣಿ ಕೂಗಿದ, "ಹಿಂದೆ ನಿಂತವರಿಗೂ ಕಾಣಲಿ, ಆಡಿಸೋ!"

ಸಿಪಾಯಿ ಆಡಿಸಿದ. ದೊಡ್ಡ ರೆಕ್ಕೆಯ ನೆರಳು ಕಾಳಿನ ಮೇಲೆ ಸರ್ರನೆ ಹಾದು ಹೋಯಿತು. ಕೋಳಿಗಳು ಕೊರ್ರೋ ಅಂತ ಒಳಗೋಡಿ, ಮೂಲೆಯಲ್ಲಿ ಒಂದರ ಹೊಟ್ಟೆ ಕೆಳಗೆ ಇನ್ನೊಂದು ತೂರಿಕೊಂಡವು.

ಎರಡನೇ ಸಲ ನೆನೆಸಿದ ಗೋಧಿ ಚೆಲ್ಲಿದರು. ಬರಲಿಲ್ಲ. ಜನ ಗುಸುಗುಸು ಅಂದರು.

ಮೂರನೇ ಸಲ ಧಣಿಯೇ ಮೊಣಕಾಲೂರಿದ. ಪಂಜರದೊಳಗೆ ಮೂತಿ ತೂರಿಸಿ, "ಬಾ ಬಾ ಬಾ! ಬಾರೇ ನನ್ನವ್ವಾ!" ಅಂತ ಗೋಗರೆದ. ಮೇಲೆ ಹದ್ದು ಇನ್ನೂ ಆಡ್ತಾನೇ ಇತ್ತು, ಸಾಕು ಅಂತ ಯಾರೂ ಸಿಪಾಯಿಗೆ ಹೇಳಿರಲಿಲ್ಲ. ಕೋಳಿ ಬರಲಿಲ್ಲ. ಧಣಿಯ ಬೋಳಿನಿಂದ ಬೆವರು ಇಳಿಯಿತು. "ಕಾಳಿನಲ್ಲಿ ಏನೂ ದೋಷ ಇಲ್ಲ, ನೋಡಿ!" ಅಂತ ಒಂದು ಹಿಡಿ ಬಾಚಿ ತನ್ನ ಬಾಯಿಗೇ ಹಾಕಿಕೊಂಡು ಕಟಕಟ ಅಗಿದ.

ಊರೆಲ್ಲ ಕತ್ತು ಚಾಚಿ ನೋಡಿತು.

ಆಮೇಲೆ ಮೀನಿನವಳೊಬ್ಬಳು ಸೊಂಟದ ಮೇಲೆ ಕೈಯಿಟ್ಟು ಕೂಗಿದಳು, "ಕೋಳಿ ತಿನ್ನಲಿಲ್ಲ, ಹುಂಜ ತಿಂತು ನೋಡ್ರಪ್ಪೋ!"

ನಗು ಅಂದರೆ ಅದು ನಗು! ನಿನ್ನೆ ತನಕ ಧಣಿಯ ಚಪ್ಪಲಿ ಧೂಳು ಊದುತ್ತಿದ್ದ ಹಿರೀಕರೇ ಎಲ್ಲರಿಗಿಂತ ಮೊದಲು ಹೊಟ್ಟೆ ಹಿಡಿದುಕೊಂಡರು. ಧಣಿ ಬೈಯೋಕೆ ಬಾಯಿ ತೆಗೆದ, ಕಾಳು ಉದುರಿತು. ನಗು ಇನ್ನೂ ಹೆಚ್ಚಿತು. ಎದ್ದು ಓಡಿದ. ಓಡೋ ರಭಸಕ್ಕೆ ಕಿರೀಟ ಬಿತ್ತು, ಬೋಳು ಬಿಸಿಲಿಗೆ ಫಳಫಳ ಹೊಳೆಯಿತು. ಸಿಪಾಯಿಗೂ ನಗು ತಡೆಯಲಾಗದೆ ಹದ್ದನ್ನು ನೆಲಕ್ಕೆ ಮಲಗಿಸಿ ಕೂತುಬಿಟ್ಟ.

ನೆರಳು ಹೋಯಿತು. ಕೋಳಿಗಳು ಹೊರಗೆ ಬಂದವು. ಕಾಳು ತಿಂದವು, ಗೋಧಿ ತಿಂದವು, ಧಣಿಯ ಎಲೆ ಕಿರೀಟವನ್ನೂ ಕಿತ್ತು ಕಿತ್ತು ತಿಂದವು. ಪೂಜಾರಿ ಕೈಯೆತ್ತಿ ಸಾರಿದ, "ಧಣಿ ಹೋದ, ದೇವರು ಉಂಡ! ಶಕುನ ಆಯಿತು!"

ಪಟ್ಟ ಇಲ್ಲ, ಯುದ್ಧ ಇಲ್ಲ. ಹುಟ್ಟು ಹಾಕೋ ಹುಡುಗರೆಲ್ಲ ಅವರವರ ಮನೆಗೆ. ಧಣಿ ಎಲ್ಲೋ ದೂರದ ದ್ವೀಪ ಸೇರಿಕೊಂಡನಂತೆ. ಮೂರನೇ ಹೆಂಡತಿ ಜೊತೆಗೆ ಹೋಗಲಿಲ್ಲ. ರಥದ ಹುಡುಗ ಹೊಸ ಮಂಚ ಮಾಡಿಸಿದ ಅಂತ ಸುದ್ದಿ. ನಮಗ್ಯಾಕೆ?

ಆ ಸಂಜೆ ಟೊಪ್ಪಿಗೆಯಲ್ಲಿ ಕೋಳಿಗಳಿಗೆ ನೀರಿಡುತ್ತಾ ಲೂಕ ಕೇಳಿದ, "ಅವ್ವಾ, ಹದ್ದು ಕಂಡರೆ ಕೋಳಿ ಅವಿತುಕೊಳ್ಳೋದು ಕೂಸಿಗೂ ಗೊತ್ತು. ಅಷ್ಟು ದೊಡ್ಡ ಧಣಿಗೆ ಗೊತ್ತಿರಲಿಲ್ವಾ?"

"ಗೊತ್ತಿಲ್ಲದೆ ಏನು? ಆದರೆ ಅವನಿಗೆ ಕೋಲಿನ ಮೇಲೆ ಹದ್ದು ಕಾಣಲಿಲ್ಲ ಕಣೋ. ತಾನೇ ಕಂಡ."

ಅದಕ್ಕೇ ಹೇಳೋದು, ದೊಡ್ಡಸ್ತಿಕೆಯನ್ನು ತಲೆಯ ಮೇಲೆ ಎತ್ತಿ ಮೆರೆಯೋನು ಅದರ ನೆರಳು ಎಲ್ಲಿ ಬೀಳುತ್ತೆ ಅಂತ ಒಂದು ಸಲ ಬಗ್ಗಿ ನೋಡಬೇಕು. ನೋಡದಿದ್ದರೆ ಆ ನೆರಳೇ ಅವನನ್ನು ಕೆಡವುತ್ತೆ.

ಕಾಳು ಕೋಳಿಗೆ, ಕತೆ ನಿಮಗೆ. ಏಳಿ ಮತ್ತೆ, ಸಾರು ಉಕ್ಕಿತು.