ಖಾರದ ಗಿರಣಿಯ ಮೋಟಾರು ಮತ್ತು ಸ್ಟಾರ್ಟರು

ಖಾರದ ಪುಡಿಯ ಗಿರಣಿಯೊಂದರಲ್ಲಿ ಹತ್ತು ಎಚ್‌ಪಿಯ ಮೋಟಾರು ನೆಲದ ಮೇಲಿತ್ತು. ಅದಕ್ಕೆ ಕರೆಂಟು ಕೊಡುವ ಸ್ಟಾರ್ಟರು ಗೋಡೆಯ ಮೇಲಿತ್ತು. ಕರೆಂಟು ಹೋದಾಗಲೆಲ್ಲ ಸ್ಟಾರ್ಟರು ತನ್ನ ಹಿಡಿತ ಬಿಡುತ್ತಿತ್ತು. ಕರೆಂಟು ಮರಳಿದರೂ ಯಾರಾದರೂ ಬಂದು ಹಸಿರು ಗುಂಡಿ ಒತ್ತುವವರೆಗೆ ಅದು ಮೋಟಾರನ್ನು ಓಡಿಸುತ್ತಿರಲಿಲ್ಲ.

ಒಂದು ಮಧ್ಯಾಹ್ನ ಕರೆಂಟು ಹೋಗಿ, ಹತ್ತು ನಿಮಿಷದಲ್ಲಿ ಬಂತು.

"ಬಂತು, ಬಂತು! ಬಿಡಯ್ಯ ನನ್ನನ್ನು," ಎಂದಿತು ಮೋಟಾರು. "ಪಕ್ಕದ ಗಿರಣಿಯ ಮೋಟಾರಣ್ಣ ಆಗಲೇ ಹಾಡುತ್ತಿದ್ದಾನೆ. ಅಲ್ಲಿ ಒತ್ತಿದ ಗುಂಡಿ ಮೇಲೇಳದಂತೆ ಬೆಂಕಿಕಡ್ಡಿ ಸಿಕ್ಕಿಸಿದ್ದಾರಂತೆ. ಅವನು ಯಾರ ಅಪ್ಪಣೆಗೂ ಕಾಯುವುದಿಲ್ಲ."

"ನಾನು ಕಾಯುತ್ತೇನೆ," ಎಂದಿತು ಸ್ಟಾರ್ಟರು.

"ಸಹಿ ಬೀಳದೆ ಕಡತ ಅಲುಗಿಸದ ಗುಮಾಸ್ತ ನೀನು!"

"ಆಗಲಿ, ಗುಮಾಸ್ತನೇ. ಗಿರಣಿಯ ಬಾಯಲ್ಲಿ ಈಗ ಏನಿದೆ, ಹೇಳು ನೋಡೋಣ."

"ಮೆಣಸಿನಕಾಯಿ. ಮತ್ತೇನು?"

"ಸ್ವಲ್ಪ ಸುಮ್ಮನಿದ್ದು ಕಿವಿಗೊಡು."

ಮೋಟಾರು ಕಿವಿಗೊಟ್ಟಿತು. ಗಿರಣಿಯ ಬಾಯೊಳಗಿಂದ ಬಳೆಗಳ ಸದ್ದು ಬಂತು. ಒಡತಿ ನೀಲಗಂಗಮ್ಮ ಮೊಣಕೈವರೆಗೆ ಕೈ ಹಾಕಿ, ಸಿಕ್ಕಿಕೊಂಡಿದ್ದ ಮೆಣಸಿನಕಾಯಿ ಕೀಳುತ್ತಿದ್ದಳು.

ನೀಲಗಂಗಮ್ಮ ಕೈ ಹೊರತೆಗೆದಳು, ಮುಚ್ಚಳ ಹಾಕಿದಳು, ಎರಡು ಸಲ ಜೋರಾಗಿ ಸೀನಿದಳು, ಆಮೇಲೆ ಬಂದು ಹಸಿರು ಗುಂಡಿ ಒತ್ತಿದಳು. ಮೋಟಾರು ಎಂದಿಗಿಂತ ಮೆತ್ತಗೆ ಹೊರಟು, ಸಂತೋಷದಿಂದ ತಿರುಗಿತು.

ಸಂಜೆ ಮತ್ತೆ ಕರೆಂಟು ಹೋಗಿ ಬಂತು. ಈ ಸಲ ಸ್ಟಾರ್ಟರೇ ಕೀಟಲೆ ಮಾಡಿತು: "ಏನಯ್ಯ, ಹೊರಡೋಣವೇ?"

"ತಡೆಯಿರಿ, ಗುಮಾಸ್ತರೇ," ಎಂದಿತು ಮೋಟಾರು. "ಬಳೆಗಳ ಸದ್ದು ಇನ್ನೂ ನಿಮ್ಮ ಗುಂಡಿಯ ಹತ್ತಿರ ಬಂದಿಲ್ಲ."